ಮಗ ಸಮುದ್ರದಲ್ಲಿ ಮುಳುಗಿ ಬಂದಿದ್ದಾನೆ: ಇಗರ್ಜಿಯ ಜ್ಞಾನಸ್ನಾನ ಅಳಿಸಿಹೋಯಿತೇ?

ಓದುಗರ ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು, ಕೊಂಕಣಿ ಮಾತಾಡುವ ಕಥೋಲಿಕ ಮನೆತನ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಒಬ್ಬನೇ ಮಗ, ಇಪ್ಪತ್ತೇಳು ವರ್ಷ, ನೌಕಾನೆಲೆಯ ಕೆಲಸ ಹಿಡಿದ ಗುತ್ತಿಗೆದಾರರ ಬಳಿ ಎಲೆಕ್ಟ್ರಿಷಿಯನ್. ಒಂದು ವರ್ಷದಿಂದ ಅವನು ಭಾನುವಾರ ಇಗರ್ಜಿಗೆ ಬರುವುದನ್ನು ಬಿಟ್ಟು, ಗೆಳೆಯನ ಜೊತೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನಡೆಯುವ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದಾನೆ. ಮಗುವಿನ ತಲೆಗೆ ನೀರು ಸುರಿದದ್ದು ಸ್ನಾನವೇ ಅಲ್ಲ ಎಂದು ಅಲ್ಲಿ ಹೇಳಿದರಂತೆ. ಕಳೆದ ತಿಂಗಳು ದೇವಬಾಗದ ಕಡೆ ಸಮುದ್ರದಲ್ಲಿ ಮುಳುಗಿಸಿಕೊಂಡು ಬಂದಿದ್ದಾನೆ. ಸಂಬಳದ ಹತ್ತನೇ ಒಂದು ಪಾಲನ್ನು ಅಲ್ಲಿಗೆ ಕೊಡುತ್ತಾನೆ. ಸಾಯ್ಬಿಣಿಯ (ಮಾತೆ ಮರಿಯಳ) ಮೂರ್ತಿಯ ಮುಂದೆ ನಾನು ಮೇಣದಬತ್ತಿ ಹಚ್ಚಿದರೆ ಮುಖ ತಿರುಗಿಸುತ್ತಾನೆ. ನನಗೆ ಸಕ್ಕರೆ ಕಾಯಿಲೆ. ಅವರ ಸಭೆಯಲ್ಲಿ ಒಬ್ಬಾಕೆ ಮಾತ್ರೆ ಬಿಟ್ಟು ಗುಣವಾದೆನೆಂದು ಸಾಕ್ಷಿ ಹೇಳಿದಳೆಂದು ಮಗ ನನಗೆ ಹೇಳುವಾಗ ಅವನ ಕಣ್ಣು ನನ್ನ ಮಾತ್ರೆ ಡಬ್ಬಿಯ ಮೇಲಿತ್ತು. ಜನವರಿಯಲ್ಲಿ ಹೊನ್ನಾವರದ ಕಥೋಲಿಕ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿದೆ, ಅವರ ಮನೆಗೂ ಈ ಸುದ್ದಿ ಮುಟ್ಟಿದೆ. ಮೊದಲಿನ ಜ್ಞಾನಸ್ನಾನ ಹೋಯಿತೇ? ಮದುವೆ ಇಗರ್ಜಿಯಲ್ಲಿ ಆಗುತ್ತದೆಯೇ? ನಾಳೆ ಏನಾದರೂ ಆದರೆ ಅವನಿಗೆ ಅಪ್ಪನ ಪಕ್ಕದ ಮಣ್ಣು ಸಿಗುತ್ತದೆಯೇ? ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಬಗೆಯ ಸಭೆಗಳು ಏಕೆ, ಇವರೆಲ್ಲ ಕ್ರೈಸ್ತರೇ?

ಉತ್ತರ: ಅಮ್ಮ, ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ, ಮಾತ್ರೆ ಡಬ್ಬಿಯದ್ದು ಐದನೆಯದು. ಅದನ್ನು ನೀವು ಪ್ರಶ್ನೆಯಾಗಿ ಬರೆದಿಲ್ಲವಾದರೂ ಎಲ್ಲಕ್ಕಿಂತ ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಮಗ ಏನೇ ಹೇಳಲಿ, ಯಾರು ಎಂಥ ಸಾಕ್ಷಿಯನ್ನೇ ಹೇಳಲಿ, ನಿಮ್ಮ ವೈದ್ಯರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ. ಸಕ್ಕರೆ ಏರುವಾಗ ಮೈಗೆ ಅದರ ಸುಳಿವು ಸಿಗುವುದು ತಡವಾಗಿ. ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ‘ಏನೂ ಆಗಲಿಲ್ಲ, ಗುಣವಾದೆ’ ಎಂದು ಒಬ್ಬರಿಗೆ ಪ್ರಾಮಾಣಿಕವಾಗಿಯೇ ಅನ್ನಿಸಬಹುದು. ಸಾಕ್ಷಿ ಹೇಳಿದಾಕೆ ಸುಳ್ಳುಗಾರ್ತಿಯೇ ಆಗಿರಬೇಕೆಂದಿಲ್ಲ. ಆದರೆ ಆರು ತಿಂಗಳ ಬಳಿಕ ಆಕೆಯ ರಕ್ತಪರೀಕ್ಷೆಯ ಚೀಟಿ ಏನು ಹೇಳಿತು ಎಂಬ ಸಾಕ್ಷಿಯನ್ನು ಸಭೆಯಲ್ಲಿ ಯಾರೂ ಎದ್ದು ನಿಂತು ಹೇಳುವುದಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಮೂವತ್ತು ವರ್ಷ ಕ್ರೈಸ್ತ ಸಭೆಗಳ ಇತಿಹಾಸವನ್ನೂ ಸಭಾ ಕಾನೂನನ್ನೂ ಕಲಿಸಿದವನು, ಈಗ ಶಿರಸಿಯಲ್ಲಿ ನೆಲೆಸಿದ್ದೇನೆ. ಹುಟ್ಟಿದ್ದು ಕಥೋಲಿಕ ಮನೆಯಲ್ಲಿ. ಆದ್ದರಿಂದ ನನ್ನ ತಕ್ಕಡಿ ಪೂರ್ತಿ ಸಮನಾಗಿದೆಯೆಂದು ನಾನೇ ಹೇಳಿಕೊಂಡರೆ ನೀವು ನಂಬಬೇಕಾಗಿಲ್ಲ. ನನ್ನ ಬಳಿ ಸಲಹೆಗೆ ಬರುವ ಮನೆಗಳಲ್ಲಿ ನಿಮ್ಮಂಥವು ಅಪರೂಪವಲ್ಲ, ಮತ್ತು ಅವುಗಳಲ್ಲಿ ಜಗಳ ಸಾಮಾನ್ಯವಾಗಿ ದೇವರ ವಿಷಯದಿಂದ ಶುರುವಾಗುವುದೂ ಅಲ್ಲ.

ಇವರೆಲ್ಲ ಕ್ರೈಸ್ತರೇ ಎಂಬುದನ್ನು ಮೊದಲು ನೋಡೋಣ. ಕ್ರೈಸ್ತರಲ್ಲಿ ಕಥೋಲಿಕ, ಪ್ರೊಟೆಸ್ಟೆಂಟ್ ಎಂಬ ಎರಡೇ ಗುಂಪು ಇವೆ, ಉಳಿದವು ನಿನ್ನೆ ಮೊನ್ನೆ ಹುಟ್ಟಿದ ಅಂಗಡಿಗಳು ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಇದು ತಪ್ಪು. ನಮ್ಮ ಕರಾವಳಿಯ ಕಥೋಲಿಕ ಸಭೆ ಗೋವೆಯ ಕವಲು. ಈ ಭಾಗ ಗೋವೆಯಿಂದ ಬೇರೆಯಾಗಿ ಬೆಳಗಾವಿ ಧರ್ಮಪ್ರಾಂತಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ, ಸೇರಿದ್ದು 1953ರಲ್ಲಿ, ಕಾರವಾರವೇ ಒಂದು ಧರ್ಮಪ್ರಾಂತವಾದದ್ದು 1976ರಲ್ಲಿ. ಮಾತಿನಲ್ಲಿ ಮಾತ್ರ ಗೋವೆ ಇನ್ನೂ ಉಳಿದಿದೆ: ಇಗರ್ಜಿ, ಪಾದ್ರಿ, ಫೆಸ್ತ್, ಇವೆಲ್ಲ ಪೋರ್ಚುಗೀಸರ ಬಾಯಿಯಿಂದ ಕೊಂಕಣಿಗೆ ಇಳಿದವು. ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಇದೇ ಸಭೆಗೆ ಸೇರಿದ ಸಿದ್ದಿ ಕುಟುಂಬಗಳಿವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಕನ್ನಡದಲ್ಲಿ ಬೋಧಿಸಿ, ಕನ್ನಡದಲ್ಲಿ ಅಚ್ಚುಹಾಕಿ ಬೆಳೆಸಿದ ಪ್ರೊಟೆಸ್ಟೆಂಟ್ ಸಭೆಗಳು ಇಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಹೆಸರಿನಲ್ಲಿವೆ. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಹಲವು ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ಹುಟ್ಟಿದ್ದೇ ಈ ಸಿ.ಎಸ್.ಐ.; ನಮ್ಮ ಜಿಲ್ಲೆಯ ಸಭೆಗಳಿಗೆ ಧಾರವಾಡದ ಬಿಷಪ್ಪರು ಮೇಲಿನವರು.

ಇನ್ನು ಕೇರಳದಿಂದ ಬಂದವರದ್ದೇ ಒಂದು ಲೋಕ. ಅವರಲ್ಲಿ ರೋಮಿನ ಪೋಪರನ್ನು ಒಪ್ಪುವ ಸಿರೋ ಮಲಬಾರಿನವರಿದ್ದಾರೆ, ಒಪ್ಪದ ಆರ್ಥೊಡಾಕ್ಸ್ ಮತ್ತು ಯಾಕೋಬಾಯದವರಿದ್ದಾರೆ, ಸುಧಾರಣೆಯ ಹಾದಿ ಹಿಡಿದ ಮಾರ್ತೋಮಾದವರಿದ್ದಾರೆ. ಆರ್ಥೊಡಾಕ್ಸ್ ಎಂದರೆ ಮಲಯಾಳಿಗಳು ಮಾತ್ರ ಎಂದೂ ತಿಳಿಯಬೇಡಿ. ಗೋವೆಯ ಅಲ್ವಾರಿಸ್ ಎಂಬ ಪಾದ್ರಿಗಳು ಕಥೋಲಿಕ ಮೇಲಧಿಕಾರಿಗಳೊಡನೆ ಮುರಿದುಕೊಂಡು 1889ರಲ್ಲಿ ಕೊಟ್ಟಾಯಂಗೆ ಹೋಗಿ ಆರ್ಥೊಡಾಕ್ಸ್ ಬಿಷಪ್ಪರಾಗಿ ಬಂದರು. ಅವರ ಬೆನ್ನಿಗೆ ನಿಂತ ಕೊಂಕಣಿ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಆರ್ಥೊಡಾಕ್ಸರು. ನಿಮ್ಮದೇ ಅಡ್ಡಹೆಸರು, ನಿಮ್ಮದೇ ಮೀನುಸಾರು, ಸಭೆ ಮಾತ್ರ ಬೇರೆ. ಸಭೆ ಬದಲಿಸುವ ಚಾಳಿ ಈಗಿನ ಹುಡುಗರದ್ದು ಎನ್ನುವವರಿಗೆ ನಾನು ಈ ಕತೆಯನ್ನು ಹೇಳುವುದುಂಟು.

ನಿಮ್ಮ ಮಗ ಹೋಗುವ ಸಭೆ, ನೀವು ಬರೆದದ್ದನ್ನು ನೋಡಿದರೆ, ಪೆಂಟೆಕೋಸ್ಟ್ ಬಗೆಯದು, ಅಂದರೆ ಪವಿತ್ರಾತ್ಮನ ವರಗಳಿಗೂ ಗುಣಪಡಿಸುವ ಪ್ರಾರ್ಥನೆಗೂ ಒತ್ತು ಕೊಡುವಂಥದ್ದು. ಈ ಬಗೆಯ ಆರಾಧನೆ 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆಯ ಬಳಿ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ ಹೆಣ್ಣುಮಕ್ಕಳು ಅತ್ತು ಕರೆದು ಗಂಟೆಗಟ್ಟಲೆ ಪ್ರಾರ್ಥಿಸುವ ಇಂಥದೇ ಉಜ್ಜೀವನ ನಡೆದಿತ್ತು. ಆ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಕಾರ್ಕಳದ ಹತ್ತಿರದ ಮಾಳದ ಮನೆತನದವರು. ಪೆಂಟೆಕೋಸ್ಟ್ ಎಂಬುದು ಹೊರಗಿನಿಂದ ಹಡಗಿನಲ್ಲಿ ಬಂದ ಸರಕು ಎನ್ನುವುದೂ ಹೀಗೆ ಅರ್ಧ ಸತ್ಯ. ‘ಎಲ್ಲ ಫಾರಿನ್ ದುಡ್ಡು’ ಎಂಬ ಮಾತು ಅದಕ್ಕಿಂತಲೂ ಸಡಿಲ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ಮತ್ತು ಆ ಕಾನೂನಿಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಾನು ಕಂಡ ಮೇಲ್ಮಹಡಿಯ ಸಭೆಗಳು ನಡೆಯುವುದು ನಿಮ್ಮ ಮಗನಂಥವರ ಹತ್ತನೇ ಒಂದು ಪಾಲಿನಿಂದ. ಎಷ್ಟೋ ಪಾಸ್ಟರುಗಳು ಬಾಡಿಗೆ ಕಟ್ಟಲು ಒದ್ದಾಡುವುದನ್ನು ನಾನೇ ನೋಡಿದ್ದೇನೆ.

ಹಾಗಾದರೆ ಗೆರೆ ಎಲ್ಲಿದೆ? ಹಳೆಯ ಸಭೆಗಳೆಲ್ಲ ಒಪ್ಪಿಕೊಂಡಿರುವ ಗೆರೆ 325ರ ನೈಸೀಯ ಮಹಾಸಭೆಯಲ್ಲಿ ಶುರುವಾಗಿ 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯಲ್ಲಿ ಪೂರ್ತಿಯಾದದ್ದು: ದೇವರು ಒಬ್ಬನೇ, ಪಿತ, ಸುತ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ. ಕಥೋಲಿಕರು, ಆರ್ಥೊಡಾಕ್ಸರು, ಸಿ.ಎಸ್.ಐ.ನವರು, ಶನಿವಾರ ಆರಾಧಿಸುವ ಅಡ್ವೆಂಟಿಸ್ಟರು, ಪೆಂಟೆಕೋಸ್ಟರಲ್ಲಿ ಬಹುಪಾಲು ಜನರು ಇದರ ಒಳಗಿನವರು. ಮನೆಮನೆಗೆ ಪತ್ರಿಕೆ ಹಿಡಿದು ಬರುವ ಯೆಹೋವನ ಸಾಕ್ಷಿಗಳು ಈ ಗೆರೆಯನ್ನು ಒಪ್ಪುವುದಿಲ್ಲ. ಅವರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ, ಉಳಿದ ಸಭೆಗಳು ಆ ಮಾತನ್ನು ಒಪ್ಪುವುದಿಲ್ಲ. ಹಾಗೆಂದು ಅವರು ಕಾನೂನಿನ ಹೊರಗಿನವರಲ್ಲ; ರಾಷ್ಟ್ರಗೀತೆ ಹಾಡದೆ ಸುಮ್ಮನೆ ಗೌರವದಿಂದ ಎದ್ದು ನಿಂತ ಅವರ ಮೂವರು ಮಕ್ಕಳನ್ನು ಕೇರಳದ ಶಾಲೆಯೊಂದು ಹೊರಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿಯೇ ತೀರ್ಪು ಕೊಟ್ಟಿತು.

ಸರ್ಕಾರದ ಕಾನೂನಿಗಂತೂ ಈ ಗೆರೆಗಳೆಲ್ಲ ಬೇಕಿಲ್ಲ. 1925ರ ಉತ್ತರಾಧಿಕಾರ ಕಾಯಿದೆ ಕ್ರೈಸ್ತ ಧರ್ಮದ ‘ಯಾವುದೇ ರೂಪ’ವನ್ನು ಅನುಸರಿಸುವವರನ್ನೂ ಭಾರತೀಯ ಕ್ರೈಸ್ತರೆಂದೇ ಎಣಿಸುತ್ತದೆ. ಮಗ ಸಭೆ ಬದಲಿಸಿದ್ದರಿಂದ ಅವನ ಧರ್ಮ ಬದಲಾಗಲಿಲ್ಲ, ಅಪ್ಪನ ಮನೆಯ ಮೇಲಿನ ಹಕ್ಕೂ ಕಡಿಮೆಯಾಗಲಿಲ್ಲ.

ಈಗ ಜ್ಞಾನಸ್ನಾನದ ಮಾತು. ಜಗಳ ಹಳೆಯದು. ಮಗುವಿಗೆ ಕೊಟ್ಟ ಸ್ನಾನ ಸ್ನಾನವಲ್ಲ, ಅರಿತು ನಂಬಿದವನಿಗೆ ಮಾತ್ರ ಕೊಡಬೇಕು ಎಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಕೆಲವರು 1525ರ ಜನವರಿಯಲ್ಲಿ ಒಬ್ಬರಿಗೊಬ್ಬರು ಮರುಸ್ನಾನ ಕೊಟ್ಟುಕೊಂಡರು. ಅದಕ್ಕಾಗಿ ಕೆಲವರನ್ನು ಅದೇ ಊರಿನ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಐನೂರು ವರ್ಷಗಳ ಈ ವಾದ ದೇವಬಾಗದ ಮರಳಿಗೆ ಬಂದು ಮುಟ್ಟಿದೆ, ಅಷ್ಟೇ. ಪಾಸ್ಟರರು ನಿಮ್ಮ ಮಗನಿಗೆ ಹೇಳಿದ್ದು ಅವರ ಪಂಥದ ಪ್ರಾಮಾಣಿಕ ಬೋಧನೆ. ನಿಮ್ಮ ಮನೆಯನ್ನು ಒಡೆಯಲು ಹೊಸೆದ ಉಪಾಯವಲ್ಲ.

ಆದರೆ ಕಥೋಲಿಕ ಸಭೆಯ ದೃಷ್ಟಿಯಲ್ಲಿ ನಿಮ್ಮ ಮಗನ ಮೊದಲ ಜ್ಞಾನಸ್ನಾನಕ್ಕೆ ಏನೂ ಆಗಿಲ್ಲ. ನೀರು ಮತ್ತು ‘ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ’ ಎಂಬ ಮಾತು, ಇವೆರಡರಿಂದ ಒಮ್ಮೆ ಆದ ಸ್ನಾನ ಮತ್ತೆ ಆಗುವಂಥದ್ದಲ್ಲ, ಅಳಿಸುವಂಥದ್ದೂ ಅಲ್ಲ. ಸಮುದ್ರದಲ್ಲಿ ನಡೆದದ್ದನ್ನು ಇಗರ್ಜಿ ಎರಡನೆಯ ಜ್ಞಾನಸ್ನಾನವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿ.ಎಸ್.ಐ.ಯವರೂ ಶಿಶುಗಳಿಗೆ ಸ್ನಾನ ಕೊಡುವವರೇ ಆದ್ದರಿಂದ ಕಥೋಲಿಕರಿಂದ ಬಂದವರನ್ನು ಮತ್ತೆ ಮುಳುಗಿಸುವುದಿಲ್ಲ.

ನೀವು ಒಮ್ಮೆ ಧರ್ಮಗುರುಗಳ ಕಚೇರಿಗೆ ಹೋಗಿ ಮಗನ ಹೆಸರಿರುವ ಪುಟವನ್ನು ತೋರಿಸಲು ಕೇಳಿ. ರಟ್ಟು ಸವೆದ ಆ ಅಗಲವಾದ ಪುಸ್ತಕ ನನಗೆ ಚೆನ್ನಾಗಿ ಗೊತ್ತು: ಹುಟ್ಟಿದ ದಿನ, ಸ್ನಾನದ ದಿನ, ತಂದೆ, ತಾಯಿ, ದೇವಪಿತೃ, ದೇವಮಾತೃ, ಕೊನೆಗೆ ಗುರುಗಳ ರುಜು. ಹಳೆಯ ಪುಸ್ತಕಗಳಲ್ಲಿ ಮಳೆಗಾಲದ ತೇವಕ್ಕೆ ಶಾಯಿ ಹಬ್ಬಿ, ಫ್ರಾನ್ಸಿಸ್ ಎಂಬುವನು ಲ್ಯಾಟಿನ್ನಿನ ಫ್ರಾನ್ಸಿಸ್ಕುಸ್ ಆಗಿ ಕೂತಿರುತ್ತಾನೆ. ಆ ಸಾಲಿನ ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗವಿರುತ್ತದೆ. ದೃಢೀಕರಣವಾದರೆ ಅಲ್ಲಿ ಬರೆಯುತ್ತಾರೆ, ಮದುವೆಯಾದರೆ ಎಲ್ಲಿ, ಯಾರೊಡನೆ ಎಂಬುದನ್ನೂ ಅಲ್ಲೇ ಬರೆಯುತ್ತಾರೆ. ದೇವಬಾಗದ ಸುದ್ದಿಯಿಂದ ಆ ಸಾಲಿಗೆ ಯಾರೂ ಗೀಟು ಹೊಡೆದಿರುವುದಿಲ್ಲ.

ಮುಳುಗಿಸುವಾಗ ಪಾಸ್ಟರರು ಯಾವ ಮಾತು ಹೇಳಿದರು ಎಂಬುದನ್ನು ಮಾತ್ರ ಮಗನಿಂದ ತಿಳಿದುಕೊಳ್ಳಿ. ಪೆಂಟೆಕೋಸ್ಟರಲ್ಲೇ ಒಂದು ಪಂಗಡ ಮೂವರ ಹೆಸರನ್ನು ಬಿಟ್ಟು ‘ಯೇಸುವಿನ ನಾಮದಲ್ಲಿ’ ಮಾತ್ರ ಮುಳುಗಿಸುತ್ತದೆ. ಆ ಪಂಗಡ ನೈಸೀಯದ ಗೆರೆಯ ಹೊರಗಿದೆ. ಮಗನ ಮಟ್ಟಿಗೆ ಮೊದಲ ಸ್ನಾನ ಗಟ್ಟಿಯಾಗಿರುವುದರಿಂದ ತೊಂದರೆಯಿಲ್ಲ, ಆದರೆ ಅವನು ಸೇರಿಕೊಂಡಿರುವುದು ಯಾವ ಬಳಗ ಎಂಬುದು ಇದರಿಂದ ಗೊತ್ತಾಗುತ್ತದೆ.

ಮೂರ್ತಿಯ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಮೂರ್ತಿಗೆ ಸಲ್ಲುವುದು ಗೌರವ, ಆರಾಧನೆ ದೇವರಿಗೆ ಮಾತ್ರ ಎಂದು 787ರ ಎರಡನೆಯ ನೈಸೀಯ ಮಹಾಸಭೆ ತೀರ್ಮಾನಿಸಿತು. ಮಗನ ಸಭೆ ಆ ತೀರ್ಮಾನವನ್ನು ಒಪ್ಪುವುದಿಲ್ಲ. ನೀವು ಮೇಣದಬತ್ತಿ ಹಚ್ಚಿ, ಅವನು ಮುಖ ತಿರುಗಿಸಲಿ. ಒಂದೇ ಮನೆಯಲ್ಲಿ ಇದಕ್ಕಿಂತ ದೊಡ್ಡ ಭಿನ್ನಾಭಿಪ್ರಾಯಗಳು ಬಾಳಿವೆ.

ಹುಡುಗರು ಅಲ್ಲಿಗೆ ಏಕೆ ಹೋಗುತ್ತಾರೆ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ನೌಕಾನೆಲೆ ಮತ್ತು ಕೈಗಾ ಬಂದ ಮೇಲೆ ಕಾರವಾರದಲ್ಲಿ ಕೇರಳ, ತಮಿಳುನಾಡು, ಆಂಧ್ರ, ಈಶಾನ್ಯದ ಕ್ರೈಸ್ತ ಕುಟುಂಬಗಳು ಬಂದು ನೆಲೆಸಿವೆ. ಅವರಿಗೆ ಕೊಂಕಣಿ ಬಾರದು, ಊರಿನ ಇಗರ್ಜಿಯ ಕುಟುಂಬಗಳ ನಂಟು ಗೊತ್ತಿಲ್ಲ. ಹಿಂದಿ, ಕನ್ನಡ, ಇಂಗ್ಲಿಷ್ ಬೆರೆಸಿ ಪ್ರಾರ್ಥಿಸುವ ಐವತ್ತು ಜನರ ಸಭೆ ಅವರಿಗೆ ಮನೆಯಂತೆ ಕಾಣುವುದು ಸಹಜ. ನಿಮ್ಮ ಮಗ ಕೆಲಸ ಮಾಡುವುದು ಇಂಥವರ ನಡುವೆಯೇ. ಇನ್ನೊಂದು ಕಾರಣವನ್ನು ನಾನು ಹೇಳಿದರೆ ನಿಮಗೆ ನೋವಾದೀತು, ಆದರೂ ಹೇಳುತ್ತೇನೆ. ತಂದೆ ಹೋದ ಮೇಲೆ ಒಬ್ಬ ಹುಡುಗನಿಗೆ ಸೋಮವಾರ ಫೋನ್ ಮಾಡಿ ‘ನಿನ್ನೆ ಬರಲಿಲ್ಲವಲ್ಲ, ಹುಷಾರಿದ್ದೀಯಾ’ ಎಂದು ಕೇಳುವವರು ಯಾರು? ಸಾವಿರ ಜನರ ಧರ್ಮಕೇಂದ್ರದಲ್ಲಿ ಒಬ್ಬ ಗುರುಗಳಿಗೆ ಅದು ಆಗುವ ಕೆಲಸವಲ್ಲ, ಐವತ್ತು ಜನರ ಪಾಸ್ಟರಿಗೆ ಅದೇ ಕೆಲಸ. ಬೋಧನೆ ಮೆಚ್ಚಿ ಸಭೆ ಬದಲಿಸಿದವರಿಗಿಂತ, ಹೆಸರು ಹಿಡಿದು ಕರೆದರೆಂದು ಬದಲಿಸಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಬೋಧನೆಯಲ್ಲೂ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ. ಮಾತಿನಿಂದಲೇ ಗುರುತು ಹಿಡಿಯಬಹುದು: ನಮ್ಮವರು ‘ಪ್ರಭು ಯೇಸು’ ಎಂದರೆ ಅವರು ‘ಕರ್ತನಾದ ಯೇಸು’ ಎನ್ನುತ್ತಾರೆ, ನಮ್ಮ ‘ಪ್ರೇಷಿತರು’ ಅವರಿಗೆ ‘ಅಪೊಸ್ತಲರು’. ಆದರೆ ಮುಖ್ಯವಾದದ್ದು, ಭಾನುವಾರ ಓದುವ ಪಾಠವನ್ನು ಆರಿಸುವವರು ಯಾರು ಎಂಬುದು. ಕಥೋಲಿಕ ಗುರುಗಳಿಗೆ ಆ ಸ್ವಾತಂತ್ರ್ಯವಿಲ್ಲ. ಮೂರು ವರ್ಷಗಳ ಸುತ್ತಿನಲ್ಲಿ ಯಾವ ಭಾನುವಾರ ಯಾವ ಭಾಗವನ್ನು ಓದಬೇಕೆಂದು ಮೊದಲೇ ಗೊತ್ತುಮಾಡಿ ಇಟ್ಟಿದೆ, ಸಿ.ಎಸ್.ಐ.ಗೂ ಅಂಥ ಪಟ್ಟಿಯಿದೆ. ಹತ್ತು ನಿಮಿಷದ ಆ ಪ್ರಬೋಧನೆ ಎಷ್ಟೋ ಸಲ ಸಪ್ಪೆಯಾಗಿರುತ್ತದೆ, ನಾನೂ ಅದರಲ್ಲಿ ತೂಕಡಿಸಿದವನೇ. ಆದರೆ ಬೋಧಕನಿಗೆ ಇಷ್ಟವಿಲ್ಲದ ವಾಕ್ಯವೂ ಆ ಸುತ್ತಿನಲ್ಲಿ ಎಂದಾದರೊಮ್ಮೆ ಅವನ ಮುಂದೆ ಬಂದು ನಿಲ್ಲುತ್ತದೆ. ಸ್ವತಂತ್ರ ಸಭೆಯ ಪಾಸ್ಟರರು ತಮಗೆ ಬೇಕಾದ ವಾಕ್ಯವನ್ನು ಹಿಡಿದು ಒಂದು ಗಂಟೆ ಬೋಧಿಸುತ್ತಾರೆ; ಕೇಳಲು ಅದು ಎಷ್ಟೋ ಹೆಚ್ಚು ಕಾವುಳ್ಳದ್ದು. ಅವರು ಒಳ್ಳೆಯವರಾದರೆ ಸಭೆ ಬೆಳೆಯುತ್ತದೆ. ಇಲ್ಲವಾದರೆ ವಾರವಾರವೂ ‘ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿರಿ’ ಎಂಬ ಮಲಾಕಿಯ 3ನೆಯ ಅಧ್ಯಾಯವೇ ಬರುತ್ತದೆ. ‘ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆ’ ಎಂದು ಪೌಲನು ಕೊರಿಂಥದವರಿಗೆ ಬರೆದ ಮಾತು ಬರುವುದೇ ಇಲ್ಲ.

ಬೋಧಕರ ಓದಿನ ಬಗ್ಗೆಯೂ ಕೇಳಬಹುದು. ಕಥೋಲಿಕ ಗುರುಗಳಾಗಲು ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಸಿ.ಎಸ್.ಐ. ಸಭಾಪಾಲಕರು ಸಾಮಾನ್ಯವಾಗಿ ಸೆರಾಂಪುರದ ಸೆನೆಟ್ಟಿನ ಬಿ.ಡಿ. ಎಂಬ ದೈವಶಾಸ್ತ್ರದ ಪದವಿ ಪಡೆದವರು. ಸ್ವತಂತ್ರ ಸಭೆಗಳಲ್ಲಿ ಬೈಬಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿದವರೂ ಇದ್ದಾರೆ, ಆರು ತಿಂಗಳ ತರಬೇತಿಯವರೂ ಇದ್ದಾರೆ, ‘ದೇವರು ಕರೆದರು’ ಎಂಬುದನ್ನು ಬಿಟ್ಟು ಬೇರೇನೂ ಇಲ್ಲದವರೂ ಇದ್ದಾರೆ. ಓದು ಮನುಷ್ಯನನ್ನು ಪ್ರಾಮಾಣಿಕನನ್ನಾಗಿ ಮಾಡುವುದಿಲ್ಲ ಎಂಬುದಕ್ಕೆ ದೊಡ್ಡ ಸಭೆಗಳಲ್ಲೇ ಸಾಕಷ್ಟು ನಿದರ್ಶನಗಳಿವೆ. ಆದ್ದರಿಂದ ಪದವಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಬೇರೊಂದಕ್ಕೆ: ಈ ಬೋಧಕರು ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು? ಗುರುಗಳ ಮೇಲೆ ದೂರಿದ್ದರೆ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಕಾಗದ ಬರೆಯಬಹುದು. ಉತ್ತರ ತಡವಾದೀತು, ಬಾರದೆಯೂ ಇದ್ದೀತು, ಆದರೆ ವಿಳಾಸವಂತೂ ಇದೆ. ಅಸೆಂಬ್ಲೀಸ್ ಆಫ್ ಗಾಡ್‌ನಂಥ ಸಂಘಟಿತ ಪೆಂಟೆಕೋಸ್ಟ್ ಸಭೆಗಳಲ್ಲೂ ಮೇಲೊಂದು ಸಮಿತಿ ಇರುತ್ತದೆ. ಪಾಸ್ಟರರೇ ಅಧ್ಯಕ್ಷರು, ಹೆಂಡತಿ ಖಜಾಂಚಿ, ಮೈದುನ ಕಾರ್ಯದರ್ಶಿ ಎಂಬ ಸಭೆಯಲ್ಲಿ ದೂರು ಹೋಗುವ ದಾರಿ ಪಾಸ್ಟರರ ಮನೆಯ ಅಡುಗೆಮನೆಯಲ್ಲಿ ಮುಗಿಯುತ್ತದೆ. ನಿಮ್ಮ ಮಗನ ಸಭೆ ಯಾವ ಬಗೆಯದು ಎಂಬುದು ನನಗೆ ಗೊತ್ತಿಲ್ಲ. ಕೊಟ್ಟ ಹಣಕ್ಕೆ ರಸೀದಿ ಸಿಗುತ್ತದೆಯೇ, ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದುತ್ತಾರೆಯೇ, ಈ ಎರಡನ್ನು ಅವನಲ್ಲಿ ಕೇಳಿದರೆ ನಿಮಗೆ ಗೊತ್ತಾಗುತ್ತದೆ. ಕೇಳುವಾಗ ಧ್ವನಿ ಏರಿಸಬೇಡಿ. ಇದೇ ಎರಡು ಪ್ರಶ್ನೆಗಳನ್ನು ಅವನು ನಮ್ಮ ಇಗರ್ಜಿಯ ಬಗ್ಗೆ ತಿರುಗಿ ಕೇಳಿದರೆ ಉತ್ತರವೂ ನಿಮ್ಮ ಬಳಿ ಇರಲಿ.

ಕಾಯಿಲೆಗೆ ಪ್ರಾರ್ಥಿಸುವುದು ಅವರ ಸ್ವತ್ತಲ್ಲ. ಹಿರಿಯರು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿದೆ. ನಮ್ಮಲ್ಲಿ ಗುರುಗಳು ರೋಗಿಗೆ ಹಚ್ಚುವ ತೈಲವೂ, ಅವರ ಪಾಸ್ಟರರು ಹಚ್ಚುವ ಎಣ್ಣೆಯೂ ಅದೇ ಮಾತಿನಿಂದ ಬಂದವು. ಕೈಯೆತ್ತಿ, ಹಾಡಿ, ಅತ್ತು ಪ್ರಾರ್ಥಿಸುವ ಕರಿಸ್ಮಾಟಿಕ್ ಕೂಟಗಳು ಕಥೋಲಿಕರಲ್ಲೂ 1967ರಿಂದ ಇವೆ. ಆದರೆ ಪ್ರಾರ್ಥಿಸಿದ ಮೇಲೆ ಮದ್ದು ಬಿಡಬೇಕು ಎಂಬುದಕ್ಕೆ ಬೈಬಲಿನಲ್ಲಿ ಆಧಾರವಿಲ್ಲ. ಪೌಲನು ಲೂಕನನ್ನು ‘ಪ್ರಿಯ ವೈದ್ಯ’ ಎಂದು ಕರೆಯುತ್ತಾನೆ. ಹೊಟ್ಟೆಯ ತೊಂದರೆಯಿದ್ದ ತಿಮೊಥೆಯನಿಗೆ ‘ಪ್ರಾರ್ಥಿಸು, ಸಾಕು’ ಎನ್ನದೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆಯುತ್ತಾನೆ. ಇವೆರಡೂ ಮಗನ ಬೈಬಲಿನಲ್ಲೂ ಇವೆ, ಅವನಿಗೆ ಓದಿ ತೋರಿಸಿ. ವೈದ್ಯನನ್ನು ಗೌರವಿಸು, ಮದ್ದನ್ನು ನೆಲದಿಂದ ಹುಟ್ಟಿಸಿದವನು ದೇವರೇ ಎಂದು ಇನ್ನೂ ಚೆನ್ನಾಗಿ ಹೇಳುವ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮಾತ್ರ ಅವನಿಗೆ ತೋರಿಸಲು ಹೋಗಬೇಡಿ, ಅದು ಅವನ ಪುಸ್ತಕದಲ್ಲಿ ಸಿಗುವುದಿಲ್ಲ. ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ಹೆಚ್ಚುವರಿ ಏಳರಲ್ಲಿ ಸಿರಾಖನೂ ಒಂದು. ‘ಅವರ ಬೈಬಲೇ ಬೇರೆ’ ಎಂದು ಜನ ಹೇಳುವುದರಲ್ಲಿ ನಿಜವಿರುವುದು ಇಷ್ಟೇ.

ಮದುವೆಗೆ ಬರೋಣ. ಇಗರ್ಜಿಯಲ್ಲಿ ಮದುವೆ ಆಗುತ್ತದೆ. ಹೇಗೆ ಆಗುತ್ತದೆ ಎಂಬುದು ಮಗ ಎಲ್ಲಿ ನಿಲ್ಲುತ್ತಾನೆ ಎಂಬುದರ ಮೇಲಿದೆ.

ಅವನು ಪಾಪನಿವೇದನೆ ಮಾಡಿ ಇಗರ್ಜಿಗೆ ಮರಳಿದರೆ ಎಲ್ಲವೂ ಎಂದಿನಂತೆ. ಆದರೆ ಮದುವೆಗಾಗಿ ಒತ್ತಾಯದಿಂದ ಮರಳಿಸಿದರೆ ಫೆಬ್ರವರಿಯಲ್ಲಿ ಮತ್ತೆ ಮಹಡಿ ಹತ್ತುತ್ತಾನೆ, ಆಗ ಪಕ್ಕದಲ್ಲಿ ಒಂದು ಹೊಸ ಹುಡುಗಿಯ ಕಣ್ಣೀರೂ ಇರುತ್ತದೆ. ಅವನು ಮರಳದೆ, ಇಗರ್ಜಿಯಲ್ಲಿ ಮದುವೆಯಾಗಲು ಮಾತ್ರ ಒಪ್ಪಿದರೆ, ಗುರುಗಳು ಧರ್ಮಾಧ್ಯಕ್ಷರ ಅನುಮತಿ ಕೇಳಬೇಕಾಗುತ್ತದೆ. ಅನುಮತಿ ಕೊಡುವ ಮೊದಲು, ತನ್ನ ವಿಶ್ವಾಸವನ್ನು ಬಿಡುವುದಿಲ್ಲ, ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ಹುಡುಗಿಯಿಂದ ಮಾತು ಪಡೆಯುತ್ತಾರೆ. ಆ ಮಾತನ್ನು ನಿಮ್ಮ ಮಗನಿಗೂ ಸ್ಪಷ್ಟವಾಗಿ ತಿಳಿಸುತ್ತಾರೆ. ಇಲ್ಲಿನ ಅಪಾಯ ಕಚೇರಿಯದ್ದಲ್ಲ, ತೊಟ್ಟಿಲಿನದ್ದು. ಮೊದಲ ಮಗುವಿಗೆ ನೀರು ಹಾಕಿಸಬೇಕೇ ಬೇಡವೇ ಎಂಬುದನ್ನು ಆ ಇಬ್ಬರು ಈಗಲೇ, ನೀವಾಗಲೀ ಬೀಗರಾಗಲೀ ಪಕ್ಕದಲ್ಲಿಲ್ಲದೆ, ಕೂತು ಮಾತಾಡಿಕೊಳ್ಳಲಿ.

ಪ್ರಾರ್ಥನಾ ಸಭೆಯಲ್ಲೇ ಮದುವೆಯಾಗುತ್ತೇನೆ ಎಂದು ಅವನು ಹಟ ಹಿಡಿದರೆ ಎರಡು ತೊಡಕುಗಳಿವೆ. ಒಂದು, ಕಥೋಲಿಕಳಾದ ಹುಡುಗಿಗೆ ಇಗರ್ಜಿಯ ದೃಷ್ಟಿಯಲ್ಲಿ ಅದು ಮದುವೆಯೇ ಅಲ್ಲ. ಕಥೋಲಿಕ ಸಭಾ ಕಾನೂನಿನ 2009ರ ತಿದ್ದುಪಡಿಯ ನಂತರ, ಸಭೆ ಬಿಟ್ಟವನಿಗೂ ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಎದುರೇ ಮದುವೆಯಾಗಬೇಕೆಂಬ ಆ ನಿಯಮ ಅನ್ವಯಿಸುತ್ತದೆ. ಇನ್ನೊಂದು ತೊಡಕು ದೇಶದ ಕಾನೂನಿನದ್ದು, ಇದನ್ನು ಎಷ್ಟೋ ಪಾಸ್ಟರುಗಳೇ ಗಮನಿಸುವುದಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 5ನೆಯ ಕಲಮಿನ ಪ್ರಕಾರ ಬಿಷಪ್ಪರಿಂದ ದೀಕ್ಷೆ ಪಡೆದ ಗುರುಗಳು, ಕಾಯಿದೆಯ ಪ್ರಕಾರ ಲೈಸೆನ್ಸ್ ಪಡೆದವರು, ವಿವಾಹ ರಿಜಿಸ್ಟ್ರಾರರು ಮೊದಲಾದ ಗೊತ್ತಾದ ಕೆಲವರು ಮಾತ್ರ ಕ್ರೈಸ್ತ ಮದುವೆ ನೆರವೇರಿಸಬಹುದು. ಅಧಿಕಾರವಿಲ್ಲದವರು ಮಾಡಿಸಿದ ಮದುವೆ ಅನೂರ್ಜಿತ, ಮತ್ತು ಹಾಗೆ ಗೊತ್ತಿದ್ದೂ ಮಾಡಿಸುವುದು ಶಿಕ್ಷಾರ್ಹ ಅಪರಾಧ. ಪಾಸ್ಟರರ ಲೈಸೆನ್ಸನ್ನು ನೋಡಲು ಕೇಳುವುದು ಅವಮಾನವಲ್ಲ. ಇರುವವರು ತೆಗೆದು ತೋರಿಸುತ್ತಾರೆ. 1954ರ ವಿಶೇಷ ವಿವಾಹ ಕಾಯಿದೆಯಡಿ 30 ದಿನಗಳ ನೋಟಿಸು ಕೊಟ್ಟು ರಿಜಿಸ್ಟ್ರಾರರ ಮುಂದೆ ಮದುವೆಯಾದರೆ ಕಾನೂನಿನ ಮಟ್ಟಿಗೆ ಗಟ್ಟಿ, ಇಗರ್ಜಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ನಾಲ್ಕರಲ್ಲಿ ಅನುಮತಿ ಪಡೆದು ಇಗರ್ಜಿಯಲ್ಲಿ ಆಗುವ ಮದುವೆಯೇ ನಿಮ್ಮ ಮನೆಗೆ ಹೊಂದುತ್ತದೆಂದು ನನಗನಿಸುತ್ತದೆ. ಆದರೆ ಅದು ಹೊನ್ನಾವರದ ಹುಡುಗಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ ಮೇಲಿನ ಮಾತು. ಸುದ್ದಿ ಮುಟ್ಟಿದೆ ಎಂದು ಬರೆದಿದ್ದೀರಿ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮುಟ್ಟುವುದಕ್ಕೂ ಮಗನೇ ಹೋಗಿ ಹೇಳುವುದಕ್ಕೂ ವ್ಯತ್ಯಾಸವಿದೆ.

ಮಣ್ಣಿನ ಪ್ರಶ್ನೆಯನ್ನು ತಾಯಿಯಾದವರು ಬರೆಯುವಾಗ ಕೈ ನಡುಗಿರಬೇಕು. ಇಗರ್ಜಿಯ ಸ್ಮಶಾನ ಧರ್ಮಕೇಂದ್ರದ ಸ್ವತ್ತು. ಬಹಿರಂಗವಾಗಿ ಸಭೆಯನ್ನು ತೊರೆದು ಪಶ್ಚಾತ್ತಾಪದ ಯಾವ ಗುರುತೂ ತೋರದೆ ಹೋದವರಿಗೆ ಅಂತ್ಯವಿಧಿಯನ್ನು ನಿರಾಕರಿಸಲು ಅವಕಾಶವಿದೆ. ಬೇರೆ ಸಭೆಯ ಕ್ರೈಸ್ತನಿಗೂ, ಅವನ ಬೋಧಕರು ಸಿಗದಿದ್ದಾಗ, ಧರ್ಮಾಧ್ಯಕ್ಷರ ವಿವೇಚನೆಯಿಂದ ವಿಧಿ ನಡೆಸಲು ಅವಕಾಶವೂ ಇದೆ. ಎರಡರಲ್ಲಿ ಯಾವುದು ಎಂದು ಮೊದಲು ನೋಡುವವರು ಆ ದಿನ ಆ ಊರಿನಲ್ಲಿರುವ ಗುರುಗಳು; ಸಂದೇಹವಿದ್ದರೆ ಅವರು ಧರ್ಮಾಧ್ಯಕ್ಷರನ್ನು ಕೇಳಬೇಕು. ಕರಾವಳಿಯ ಒಂದು ಊರಿನಲ್ಲಿ ಜುಲೈ ತಿಂಗಳ ಜಡಿಮಳೆಯಲ್ಲಿ ಇಂಥದೊಂದು ಶವ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಜಗಲಿಯಲ್ಲಿ ಕಾದದ್ದನ್ನು ನಾನು ನೋಡಿದ್ದೇನೆ. ಅವರ ಪ್ರಾರ್ಥನಾ ಸಭೆಗೆ ಸ್ವಂತ ಸ್ಮಶಾನವಿರಲಿಲ್ಲ, ಹಳೆಯ ಇಗರ್ಜಿಯ ಮಂಡಳಿ ಒಪ್ಪಲಿಲ್ಲ. ಕೊನೆಗೆ ಪಕ್ಕದೂರಿನ ಬೇರೊಂದು ಸಭೆಯವರು ಜಾಗ ಕೊಟ್ಟರು. ಆ ರಾತ್ರಿ ಪಾಸ್ಟರರೂ ಇಗರ್ಜಿಯ ಗುರುಗಳೂ ಒಂದೇ ಬೆಂಚಿನಲ್ಲಿ ಚಹಾ ಕುಡಿದರು, ಇಬ್ಬರೂ ಕೆಟ್ಟವರಲ್ಲ. ಸ್ಮಶಾನ ಎಲ್ಲಿದೆ ಎಂದು ಸೇರುವ ದಿನ ಯಾರೂ ಕೇಳಿರಲಿಲ್ಲ, ಅಷ್ಟೇ. ನಿಮ್ಮ ಮಗ ಅವನ ಪಾಸ್ಟರರನ್ನು ಇದನ್ನೂ ಕೇಳಲಿ.

ಇನ್ನು ನೀವು ಮಾಡಬೇಕಾದ ಕೆಲಸ. ಮದುವೆಗೆ ಆರು ತಿಂಗಳ ಒಳಗೆ ತೆಗೆಸಿದ ಜ್ಞಾನಸ್ನಾನದ ಪ್ರಮಾಣಪತ್ರ ಬೇಕಾಗುವುದರಿಂದ, ಅದನ್ನು ತೆಗೆಸುವ ನೆಪದಲ್ಲಿ ಗುರುಗಳನ್ನು ಈಗಲೇ ಕಾಣಿರಿ. ಅನುಮತಿಗೆ ಸಮಯ ಬೇಕು, ಮೂರು ಭಾನುವಾರ ಇಗರ್ಜಿಯಲ್ಲಿ ಮದುವೆಯ ಹೆಸರು ಕೂಗುವುದಕ್ಕೂ ಸಮಯ ಬೇಕು. ಮಗನನ್ನು ಜೊತೆಗೆ ಎಳೆದುಕೊಂಡು ಹೋಗಬೇಡಿ, ಮೊದಲ ಸಲ ನೀವೊಬ್ಬರೇ ಹೋಗಿ. ಆಮೇಲೆ ಒಂದು ಭಾನುವಾರ, ನಿಮ್ಮ ಬೆಳಗಿನ ಪೂಜೆ ಮುಗಿಸಿಕೊಂಡು, ಮಗನ ಸಭೆಗೆ ಅವನ ಜೊತೆಯಲ್ಲೇ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಬೇರೆ ಸಭೆಯ ಪ್ರಾರ್ಥನೆಯನ್ನು ಕೂತು ಕೇಳುವುದಕ್ಕೆ ಕಥೋಲಿಕರಿಗೆ ಅಡ್ಡಿಯಿಲ್ಲ, ಅವರು ಹಂಚುವ ರೊಟ್ಟಿ ದ್ರಾಕ್ಷಾರಸವನ್ನು ಮಾತ್ರ ತೆಗೆದುಕೊಳ್ಳುವಂತಿಲ್ಲ. ಪಾಸ್ಟರರನ್ನು ನೋಡಿ, ಅವರ ಹೆಂಡತಿಯೊಡನೆ ಎರಡು ಮಾತಾಡಿ. ಆ ಸಭೆಗಳು ಹತ್ತು ಗಂಟೆಗೆ ಶುರುವಾದರೆ ಒಂದು ಗಂಟೆಗೆ ಮುಗಿಯುತ್ತವೆಂಬ ಖಾತ್ರಿಯಿಲ್ಲ. ತಿಂಡಿ ತಿಂದು, ಮಾತ್ರೆ ನುಂಗಿಕೊಂಡೇ ಮನೆಯಿಂದ ಹೊರಡಿ.